ಹಂಗಿಲ್ಲದ ಊಟ: ಬೆಂಗಳೂರಿನ ಒಂದು ಬೀದಿಯ ಪ್ರಕರಣ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಬೀದಿ ಯಾವುದು, ಸಭೆ (ಕ್ರೈಸ್ತರ ಚರ್ಚು) ಯಾವುದು, ಠಾಣೆ ಯಾವುದು ಎಂದು ಗೊತ್ತಾಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬೆಂಗಳೂರಿನ ಪೂರ್ವ ಭಾಗದ ಒಂದು ಹಳೇ ಬಡಾವಣೆ ಅಂದುಕೊಳ್ಳಿ, ಸಾಕು. ಮುಖ್ಯ ವ್ಯಕ್ತಿಯನ್ನು ಅಕ್ಕ ಎಂದೇ ಕರೆಯುತ್ತೇನೆ. ಬೀದಿಯವರೆಲ್ಲ ಅವರನ್ನು ಕರೆಯುವುದೂ ಹಾಗೆಯೇ. ಅಜ್ಜಿಯರಿಗೆ ಮಾತ್ರ ನಾನೇ ಒಂದೊಂದು ಅಡ್ಡಹೆಸರು ಇಟ್ಟಿದ್ದೇನೆ.

ನಾನು ಹಿರಿಯರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತೆ. 2022ರ ಕೊನೆಯಲ್ಲಿ ಒಂದು ದೂರಿನ ಬೆನ್ನಿಗೇ ಈ ಪ್ರಕರಣ ನನ್ನ ಹತ್ತಿರ ಬಂತು. ಮೊದಲ ದಿನ ಆ ಮನೆಗೆ ಹೋದಾಗ ನನಗೂ ಅನುಮಾನ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಉಪಯೋಗವಿಲ್ಲ.

ಹಿನ್ನೆಲೆ

ಅಕ್ಕನಿಗೆ ಈಗ ಐವತ್ತರ ಹತ್ತಿರ. ಊರು ಮಂಡ್ಯದ ಕಡೆ. ಮದುವೆಯಾಗಿ ಬೆಂಗಳೂರಿಗೆ ಬಂದರು. ಮೊದಲು ಗಾರ್ಮೆಂಟ್ಸ್, ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಹದಿನಾಲ್ಕು ವರ್ಷ ಆಯಾ ಕೆಲಸ. ಗಂಡ ಆಟೋ ಓಡಿಸುತ್ತಾರೆ. ಇಬ್ಬರು ಮಕ್ಕಳು.

ರಾತ್ರಿ ಪಾಳಿಯಲ್ಲಿ ಜೊತೆಗಿದ್ದ ಒಬ್ಬ ನರ್ಸ್ ಕೊಟ್ಟ ಬೈಬಲಿನ ಹೊಸ ಒಡಂಬಡಿಕೆಯನ್ನು ಅಕ್ಕ ಮೂರು ವರ್ಷ ಓದಿದರು. ಮೂವತ್ತಾರನೇ ವಯಸ್ಸಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. ಹೆಸರು ಬದಲಿಸಲಿಲ್ಲ. ಊರಿನಲ್ಲಿದ್ದ ತಾಯಿ ಎರಡು ವರ್ಷ ಮಾತು ಬಿಟ್ಟರು, ಆಮೇಲೆ ಮೊಮ್ಮಗಳ ನೆಪದಲ್ಲಿ ಸರಿಹೋದರು. ಗಂಡ ಮಾತ್ರ ಇವತ್ತಿಗೂ ಮುನೇಶ್ವರನ ಭಕ್ತರು. ಆಟೋ ಮುಂದೆ ನಿಂಬೆಹಣ್ಣು ತೂಗುತ್ತದೆ. ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಅವಳ ದೇವರು ಅವಳಿಗೆ, ನನ್ನ ದೇವರು ನನಗೆ. ಸಾರು ಮಾತ್ರ ಇಬ್ಬರಿಗೂ ಒಂದೇ."

ಸಭೆಗಳಲ್ಲಿ ಸಾಕ್ಷಿ ಹೇಳುವವರು ತಮಗೆ ದೇವರ ಕರೆ ಬಂದ ಬಗೆಯನ್ನು ಜೋರಾಗಿ ಹೇಳುತ್ತಾರೆ. ಅಕ್ಕನ ಕರೆಯಲ್ಲಿ ಅಂಥದ್ದೇನೂ ಇರಲಿಲ್ಲ. 2019ರಲ್ಲಿ ಹಿಂದಿನ ವಟಾರದ ಒಬ್ಬ ವಿಧವೆ ಬಚ್ಚಲಲ್ಲಿ ಬಿದ್ದಿದ್ದರು. ಒಂದೂವರೆ ದಿನ ಯಾರಿಗೂ ಗೊತ್ತಾಗಿರಲಿಲ್ಲ. ಅಕ್ಕ ಬಾಗಿಲು ತೆಗೆಸಿ, ಮೈ ತೊಳೆಸಿ, ಗಂಡನ ಆಟೋದಲ್ಲೇ ಬೌರಿಂಗ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕಾಯುತ್ತಾ ಕೂತಾಗ ಚೀಲದಲ್ಲಿದ್ದ ಪುಸ್ತಕ ತೆಗೆದರು. ಯಾಕೋಬನ ಪತ್ರದ ಮೊದಲ ಅಧ್ಯಾಯ, ಕೊನೆಯ ವಚನ. ಕಷ್ಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ವಿಚಾರಿಸಿಕೊಳ್ಳುವುದೇ ಶುದ್ಧವಾದ ಭಕ್ತಿ ಎಂದು ಅಲ್ಲಿದೆ. "ನೂರು ಸಲ ಓದಿದ್ದೆ ಮೇಡಂ. ಅವತ್ತು ಮಾತ್ರ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಯ್ತು."

ಆ ಕರೆ ನಿಜವೋ ಅಲ್ಲವೋ ಎಂದು ತೂಗುವುದು ನನ್ನ ಕೆಲಸ ಅಲ್ಲ. ಕರೆ ಬಂದ ಮೇಲೆ ಏನು ಮಾಡಿದರು, ಅದರ ಭಾರ ಯಾರ ಮೇಲೆ ಬಿತ್ತು ಎಂಬುದನ್ನಷ್ಟೇ ನಾನು ನೋಡಬೇಕಿತ್ತು.

ಎಡವಿದ್ದೆಲ್ಲಿ

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಆ ವಟಾರಗಳಲ್ಲಿ ಒಂಟಿ ಅಜ್ಜಿಯರು ಜಾಸ್ತಿ. ಅರವತ್ತೈದು, ಎಪ್ಪತ್ತು ದಾಟಿದರೂ ಮನೆಗೆಲಸಕ್ಕೆ ಹೋಗಿ ಬದುಕುತ್ತಿದ್ದವರು. ಅಪಾರ್ಟ್‌ಮೆಂಟಿನವರು ಬರಬೇಡಿ ಎಂದರು. ಲಾಕ್‌ಡೌನ್ ತೆಗೆದ ಮೇಲೂ ಕೆಲವರನ್ನು ಮತ್ತೆ ಕರೆಯಲೇ ಇಲ್ಲ. ಅಕ್ಕ ತಮ್ಮ ಮನೆಯಲ್ಲಿ ಅನ್ನ ಸಾರು ಮಾಡಿ ಹಂಚಿದರು. 2021ರಲ್ಲಿ ನರ್ಸಿಂಗ್ ಹೋಮ್ ಕೆಲಸ ಬಿಟ್ಟು, ಪಕ್ಕದ ರಸ್ತೆಯಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದರು. ಮೊದಲು ಐದು ಅಜ್ಜಿಯರು, ಆಮೇಲೆ ಏಳು.

ದುಡ್ಡು? ಸಭೆಯ ಕೆಲವರು ತಮ್ಮ ದಶಮಾಂಶದಲ್ಲಿ, ಅಂದರೆ ದುಡಿಮೆಯಲ್ಲಿ ದೇವರಿಗೆಂದು ಎತ್ತಿಡುವ ಹತ್ತನೇ ಒಂದು ಪಾಲಿನಲ್ಲಿ, ಸ್ವಲ್ಪ ಕೊಡುತ್ತಿದ್ದರು. ಉಳಿದದ್ದು ಚೀಟಿ ದುಡ್ಡು. ಅಡ್ವಾನ್ಸ್ ಕೊಡಲು ಅಕ್ಕ ಮಗಳ ಮದುವೆಗೆ ಇಟ್ಟಿದ್ದ ಒಡವೆ ಅಡವಿಟ್ಟರು. ಗಂಡನಿಗೆ ಅದು ಗೊತ್ತಾದದ್ದು ಒಂದು ತಿಂಗಳ ಮೇಲೆ. ಈ ಒಂದು ವಿಷಯದಲ್ಲಿ ನಾನು ಗಂಡನ ಕಡೆ. ದೇವರು ಕರೆದರು ಎಂದು ಮನೆಯವರನ್ನು ಕೇಳದೆ ಒಡವೆ ಇಡುವುದು ಸರಿಯಲ್ಲ.

ಆದರೆ ಪ್ರಕರಣದ ತಿರುಳು ದುಡ್ಡಲ್ಲಿ ಇಲ್ಲ. ಆ ಮನೆಯ ಬೆಳಗಿನ ಹೊತ್ತಲ್ಲಿ ಇದೆ. ಆರೂವರೆಗೆ ಕಾಫಿ. ಏಳೂವರೆಗೆ ಪ್ರಾರ್ಥನೆ. ಎಂಟಕ್ಕೆ ತಿಂಡಿ. ಅಕ್ಕ ಯಾರನ್ನೂ ಬಲವಂತ ಮಾಡುತ್ತಿರಲಿಲ್ಲ. ಬೇಡದವರು ಒಳಕೋಣೆಯಲ್ಲಿ ಇರಬಹುದು ಎಂದು ಮೊದಲ ದಿನವೇ ಹೇಳಿದ್ದರು. ಒಬ್ಬರೂ ಒಳಗೆ ಉಳಿಯಲಿಲ್ಲ. ಏಳು ಜನರೂ ಬಂದು ಚಾಪೆ ಮೇಲೆ ಕೂರುತ್ತಿದ್ದರು. ಅವರಿಗೆ ಇಷ್ಟ ಇದೆ ಎಂದೇ ಅಕ್ಕ ತಿಳಿದರು.

ನಾನು ಮೊದಲ ಸಲ ಹೋದ ದಿನ ಗೇಟಿನ ಹತ್ತಿರ ಒಬ್ಬ ಅಜ್ಜಿ ಕಂಡರು. ತಮ್ಮನ ಮನೆಗೆ ಹೋಗಿ ವಾಪಸ್ ಬರುತ್ತಿದ್ದರು. ಹಣೆಯಲ್ಲಿ ವಿಭೂತಿ. ಗೇಟು ತೆಗೆಯುವ ಮೊದಲು ಸೆರಗಿನ ತುದಿಯಿಂದ ಅದನ್ನು ಒರೆಸಿಕೊಂಡರು. ನಿಧಾನವಾಗಿ, ಅಭ್ಯಾಸ ಆದವರ ಹಾಗೆ.

"ಅಜ್ಜಿ, ಒರೆಸ್ಕೋ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ ಕಣವ್ವ. ಅವ್ಳು ಬಂಗಾರದಂಥೋಳು. ಅನ್ನ ಹಾಕೋಳ ಮನಸ್ಸು ನೋಯಿಸಬಾರ್ದಲ್ವಾ?"

ಇದಕ್ಕೆ ನಮ್ಮಲ್ಲಿ ಒಂದು ಹಳೇ ಮಾತಿದೆ, ಹಂಗು. ಯಾರೂ ಹೇರಬೇಕಾಗಿಲ್ಲ, ತಾನಾಗೇ ಬಂದು ಕೂರುತ್ತದೆ. ಈ ಅಜ್ಜಿಯರು ಬದುಕೆಲ್ಲ ಒಬ್ಬರ ಮನೆಯಲ್ಲಿ ಒಬ್ಬರ ಮರ್ಜಿ ನೋಡಿ ಉಂಡವರು. ಅಪ್ಪನ ಮನೆ, ಅತ್ತೆ ಮನೆ, ಮಗನ ಮನೆ, ಕೆಲಸದ ಮನೆ. ಬಡಿಸುವವರ ಮನಸ್ಸಲ್ಲಿ ಏನಿದೆ ಎಂದು ತಟ್ಟೆ ಮುಂದೆ ಕೂರುವ ಮೊದಲೇ ಅವರಿಗೆ ಗೊತ್ತಾಗುತ್ತದೆ. ಅಂಥವರಿಗೆ "ನಿಮಗೆ ಬೇಡದಿದ್ದರೆ ಬೇಡ" ಎಂದು ಹೇಳಿದರೆ ಸಾಲದು.

ಇನ್ನೊಬ್ಬರು ಎಲೆಅಡಿಕೆ ಅಜ್ಜಿ. ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಜೋರಾಗಿ "ಸ್ತೋತ್ರ" ಎನ್ನುತ್ತಿದ್ದವರು. ಅಕ್ಕನಿಗೆ ಇವರ ಮೇಲೆ ತುಂಬಾ ಭರವಸೆ. ನನ್ನ ಹತ್ತಿರ ಅಜ್ಜಿ ಹೇಳಿದ್ದೇ ಬೇರೆ: "ಅತ್ತೆ ಮನೇಲಿ ಐವತ್ತು ವರ್ಷ ಹೂಂ ಅಂದಿದೀನಿ. ಇಲ್ಲಿ ಒಂದು ಸ್ತೋತ್ರ ಅಂದ್ರೆ ಏನ್ ಮಹಾ?"

ಬಳೆಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಒಂದು ಕ್ರಿಸ್‌ಮಸ್‌ಗೆ ಅಕ್ಕ ಎಲ್ಲರಿಗೂ ಗಾಜಿನ ಬಳೆ ತಂದರು. ಅರಿಶಿನ ಕುಂಕುಮಕ್ಕೆ ಯಾರೂ ಕರೆಯದ ಕೈಗಳು, ನಾನಾದರೂ ತೊಡಿಸುತ್ತೇನೆ ಎಂಬುದು ಅವರ ಲೆಕ್ಕ. ಇಬ್ಬರು ಖುಷಿಯಿಂದ ಹಾಕಿಕೊಂಡರು. ಒಬ್ಬರು ಹಾಕಿಕೊಂಡು ರಾತ್ರಿಯೆಲ್ಲ ಅತ್ತರು. ಗಂಡ ಸತ್ತಾಗ ತಮ್ಮ ಬಳೆ ಒಡೆದವರ ಮುಖಗಳೆಲ್ಲ ನೆನಪಾದವಂತೆ. ಬೇಡ ಎನ್ನಲು ಅವರಿಗೂ ಬಾಯಿ ಬಂದಿರಲಿಲ್ಲ.

ದೂರು

ಕರ್ನಾಟಕದಲ್ಲಿ ಮತಾಂತರ ನಿಷೇಧ ಕಾಯ್ದೆ ಎಂದು ಜನ ಕರೆಯುವ ಕಾನೂನು 2022ರಲ್ಲಿ ಬಂತು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. ಆಮಿಷ ಒಡ್ಡಿ ಮತ ಬದಲಿಸಿದರೆ ಶಿಕ್ಷೆ. ಮಹಿಳೆಯರ ವಿಷಯದಲ್ಲಿ ಶಿಕ್ಷೆ ಇನ್ನೂ ಹೆಚ್ಚು, 10 ವರ್ಷದವರೆಗೆ. ಆಮಿಷ ಎಂಬುದರ ಅರ್ಥವನ್ನು ಅದರಲ್ಲಿ ಸಾಕಷ್ಟು ಅಗಲವಾಗಿ ಬರೆದಿದ್ದಾರೆ. ಉಡುಗೊರೆ, ದುಡ್ಡು, ಒಳ್ಳೆಯ ಬದುಕಿನ ಆಸೆ, ಎಲ್ಲವೂ ಸೇರುತ್ತದೆ.

ಎಲೆಅಡಿಕೆ ಅಜ್ಜಿಗೆ ಒಬ್ಬ ಅಣ್ಣನ ಮಗ ಇದ್ದ. ಮೂರು ವರ್ಷದಿಂದ ಅತ್ತ ಸುಳಿದಿರಲಿಲ್ಲ. ಅವನು ಇನ್ನಿಬ್ಬರನ್ನು ಕರೆದುಕೊಂಡು ಹೋಗಿ ದೂರು ಕೊಟ್ಟ. ಪೊಲೀಸರು ಬಂದರು, ಅಜ್ಜಿಯರನ್ನು ಒಬ್ಬೊಬ್ಬರಾಗಿ ಕೇಳಿದರು. ಯಾರೂ ಮತ ಬದಲಿಸಿರಲಿಲ್ಲ. ಕೇಸ್ ಆಗಲಿಲ್ಲ. ಆದರೆ ಮನೆ ಮಾಲೀಕರು ಹೆದರಿದರು. "ನನಗೆ ಇದೆಲ್ಲ ಬೇಡಮ್ಮ, ಮೂರು ತಿಂಗಳಲ್ಲಿ ಖಾಲಿ ಮಾಡ್ಕೊಡಿ."

ಅದೇ ವಾರ, ಸಭೆಯ ಮೂಲಕ ಸಹಾಯ ಮಾಡುತ್ತಿದ್ದವರೊಬ್ಬರು ನೋಡಲು ಬಂದರು. ಅಜ್ಜಿಯರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಹೊರಡುವಾಗ ಮೆಲ್ಲಗೆ ಕೇಳಿದರು, ಇವರಲ್ಲಿ ಎಷ್ಟು ಜನ ದೀಕ್ಷಾಸ್ನಾನ ತಗೊಂಡಿದ್ದಾರೆ ಎಂದು.

ಆ ಸಂಜೆ ಅಕ್ಕ ನನಗೆ ಫೋನ್ ಮಾಡಿದರು. "ಮೇಡಂ, ಸ್ಟೇಷನ್ನಲ್ಲೂ ಅದೇ ಲೆಕ್ಕ ಕೇಳಿದ್ರು, ಇವರೂ ಅದೇ ಲೆಕ್ಕ ಕೇಳಿದ್ರು. ಇವತ್ತು ಎಷ್ಟು ಜನ ಊಟ ಮಾಡಿದ್ರು ಅಂತ ಯಾರೂ ಕೇಳ್ಲಿಲ್ಲ."

ವಿಭೂತಿ ಒರೆಸಿಕೊಂಡದ್ದನ್ನು ನಾನು ಅವರಿಗೆ ಹೇಳಿದ್ದು ಆಗಲೇ. ಬಹಳ ಹೊತ್ತು ಫೋನಿನಲ್ಲಿ ಮಾತಿರಲಿಲ್ಲ. ದೂರು ಅವರನ್ನು ಹೆದರಿಸಿತ್ತು. ಈ ಮಾತು ಅವರನ್ನು ಬದಲಿಸಿತು. ಮಾರನೇ ದಿನ ಅವರು ಮಾಡಿದ ಮೊದಲ ಕೆಲಸ, ಎಂಟಕ್ಕಿದ್ದ ತಿಂಡಿಯನ್ನು ಏಳಕ್ಕೆ ಬಡಿಸಿದ್ದು. ಪ್ರಾರ್ಥನೆಗೆ ಅವತ್ತು ಚಾಪೆ ಮೇಲೆ ಬಂದು ಕೂತವರು ಇಬ್ಬರು.

ಮನೆ ಬಿಚ್ಚಿದ್ದು

ನನ್ನ ಮೊದಲ ಸಲಹೆ ತಪ್ಪಾಗಿತ್ತು. ಸಂಸ್ಥೆ ಎಂದು ನೋಂದಣಿ ಮಾಡಿಸಿ, ಸರಿಯಾದ ವೃದ್ಧಾಶ್ರಮವೇ ಮಾಡಿ ಎಂದಿದ್ದೆ. ಕಾಗದ ಗಟ್ಟಿ ಇದ್ದರೆ ಧೈರ್ಯ ಬರುತ್ತದೆ ಎಂಬುದು ನಮ್ಮಂಥವರ ನಂಬಿಕೆ.

ದಾರಿ ತೋರಿಸಿದ್ದು ಅಕ್ಕನ ಸಭೆಯ ಒಬ್ಬ ನಿವೃತ್ತ ಟೀಚರ್. ಅವರೂ ವಿಧವೆ, ಎಪ್ಪತ್ತೆರಡು ವರ್ಷ. ಮಾತು ಸ್ವಲ್ಪ ಖಾರ. ಬೈಬಲಿನ ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ತೆಗೆದು ನಮ್ಮಿಬ್ಬರಿಗೂ ಪಾಠ ಮಾಡಿದರು. ಮೊದಲನೇ ಸಭೆಯೊಳಗೇ ಎದ್ದ ಗಲಾಟೆ ಅದು. ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂಬುದು ದೂರು. ಅದಕ್ಕೆ ಅಪೊಸ್ತಲರು, ಅಂದರೆ ಪೇತ್ರ ಮೊದಲಾದ ಯೇಸುವಿನ ಶಿಷ್ಯರು, ಏಳು ಜನರನ್ನು ಆರಿಸಿಕೊಳ್ಳಿ ಎಂದು ಸಭೆಗೆ ಹೇಳಿ, ಆರಿಸಿದವರಿಗೆ ಊಟದ ಕೆಲಸ ಒಪ್ಪಿಸಿದರು. "ಅವರಿಗೇ ಏಳು ಜನ ಬೇಕಾಯ್ತು. ನೀನೊಬ್ಬಳೇ ಮಾಡ್ತೀನಿ ಅಂತ ಹೊರಟಿದ್ದೀಯಲ್ಲ, ನೀನು ಪೇತ್ರನಿಗಿಂತ ದೊಡ್ಡವಳಾ?"

ಅಕ್ಕ ನಕ್ಕರು. ಆಮೇಲೆ ಏಳು ಜನರನ್ನು ಹುಡುಕಿದರು, ಬೀದಿಯಲ್ಲಿ. ಗಂಡ ಮತ್ತು ಅವರ ಆಟೋ. ಹೂವು ಮಾರುವಾಕೆ. ಇಸ್ತ್ರಿ ಅಂಗಡಿಯವರು. ಬಟ್ಟೆ ಹೊಲಿಯುವ ಮುಸ್ಲಿಂ ಮನೆಯ ಹೆಂಗಸು. ಮೆಡಿಕಲ್ ಶಾಪಿನ ಹುಡುಗ. ಆನ್‌ಲೈನ್ ಅರ್ಜಿ ತುಂಬಲು ಒಬ್ಬ ಕಾಲೇಜು ಹುಡುಗಿ. ಏಳನೆಯವರು ಆ ಟೀಚರೇ. ಏಳರಲ್ಲಿ ಕ್ರೈಸ್ತರು ಇಬ್ಬರು.

ಆ ಬಾಡಿಗೆ ಮನೆಯನ್ನು 2023ರ ಮಾರ್ಚಿನಲ್ಲಿ ಬಿಟ್ಟರು. ನಗರದಲ್ಲಿ ಹಳೆಯ ವೃದ್ಧಾಶ್ರಮಗಳಿಗೆ ಕೊರತೆ ಇಲ್ಲ. ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದ ಪೂವರ್ ಸನ್ಯಾಸಿನಿಯರು ನಡೆಸುವುದು ನೂರು ವರ್ಷಕ್ಕೂ ಹಳೆಯದು. ಮರೆವಿನ ಕಾಯಿಲೆ ಜೋರಾಗಿದ್ದ ಒಬ್ಬ ಅಜ್ಜಿಗೆ ರಾತ್ರಿಯೂ ಜನ ಬೇಕಿತ್ತು. ಅವರನ್ನು ಒಂದು ಆಶ್ರಮಕ್ಕೆ ಸೇರಿಸಿದೆವು. ಉಳಿದ ಆರು ಜನ ಬೀದಿ ಬಿಟ್ಟು ಬರುವುದಿಲ್ಲ ಎಂದರು. ಅವರಿಗೆ ವಟಾರದಲ್ಲೇ ಕೋಣೆ ನೋಡಿದೆವು, ಇಬ್ಬಿಬ್ಬರಿಗೆ ಒಂದರಂತೆ. ಅಡುಗೆ ಅಕ್ಕನ ಮನೆಯಲ್ಲಿ. ಊಟ ಕ್ಯಾರಿಯರಿನಲ್ಲಿ ಬಾಗಿಲಿಗೆ. ತಮ್ಮ ಕೋಣೆ, ತಮ್ಮ ದೇವರ ಪಟ, ತಮ್ಮ ತಟ್ಟೆ. ಪ್ರಾರ್ಥನೆಯನ್ನು ಅಕ್ಕ ಬೆಳಗಿನ ಐದು ಗಂಟೆಗೆ ತಮ್ಮ ಮನೆಯಲ್ಲಿ ಮಾಡಿಕೊಳ್ಳುತ್ತಾರೆ. ಯಾರಾದರೂ "ನನಗೋಸ್ಕರ ಪ್ರಾರ್ಥನೆ ಮಾಡವ್ವ" ಎಂದರೆ ಮಾಡುತ್ತಾರೆ. ಆದರೆ ಕ್ಯಾರಿಯರ್ ಕೈಯಲ್ಲಿರುವಾಗ ಮಾಡುವುದಿಲ್ಲ. ಈ ಕೊನೆಯ ನಿಯಮ ಅವರೇ ಮಾಡಿಕೊಂಡದ್ದು. ಇಷ್ಟು ವರ್ಷದಲ್ಲಿ ನಾನು ಕಂಡ ಅತಿ ಜಾಣತನದ ನಿಯಮ ಇದು.

ಹಂಗು ಕಡಿಮೆ ಮಾಡಲು ಇನ್ನೊಂದು ಉಪಾಯ ಇತ್ತು, ಅಜ್ಜಿಯರ ಕೈಯಲ್ಲಿ ಅವರದೇ ದುಡ್ಡು ಇರುವುದು. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಆರು ಜನರಲ್ಲಿ ಅದು ಬರುತ್ತಿದ್ದದ್ದು ಒಬ್ಬರಿಗೆ. ಒಬ್ಬರ ಆಧಾರ್‌ನಲ್ಲಿ ವಯಸ್ಸು ಐವತ್ತೆಂಟು, ಮೊಮ್ಮಗನಿಗೆ ಮದುವೆಯಾಗಿದೆ. ಇನ್ನೊಬ್ಬರಿಗೆ ಪಿಂಚಣಿ ಮಂಜೂರಾಗಿ ಎಷ್ಟೋ ತಿಂಗಳಾಗಿತ್ತು. ಅದು ಹೋಗುತ್ತಿದ್ದ ಖಾತೆಯ ಪಾಸ್‌ಬುಕ್ ಮಗನ ಹತ್ತಿರ. ಮತ್ತೊಬ್ಬರ ಬೆರಳಚ್ಚು ಮೆಷಿನ್ನಿಗೆ ಹತ್ತಲಿಲ್ಲ. ನಲವತ್ತು ವರ್ಷ ಪಾತ್ರೆ ತಿಕ್ಕಿ ರೇಖೆಯೇ ಸವೆದಿತ್ತು. ಕಣ್ಣಿನ ಗುರುತು ತೆಗೆಸಿ ಸರಿ ಮಾಡಿಸಿದೆವು. ಗಂಡನ ಮರಣ ಪತ್ರ ಇಲ್ಲದವರದು ಬೇರೆಯೇ ಕಥೆ. ನಾಡಕಚೇರಿಗೆ ಎಷ್ಟು ಸಲ ಹೋದೆವೋ ಲೆಕ್ಕ ಇಟ್ಟಿಲ್ಲ. ಜೂನ್ 2023ರಿಂದ ಹೆಂಗಸರಿಗೆ ಬಸ್ ಫ್ರೀ ಆದದ್ದು ಆ ಓಡಾಟಕ್ಕೆ ದೊಡ್ಡ ಉಪಕಾರ ಆಯಿತು.

ದುಡ್ಡು ಕೈಗೆ ಬಂದ ಮೇಲೆ ಅಕ್ಕ ಒಂದು ಊಟಕ್ಕೆ ಐದು ರೂಪಾಯಿ ಎಂದು ಇಟ್ಟರು. ಇದಕ್ಕೆ ನಾನೇ ವಿರೋಧ ಹೇಳಿದ್ದೆ. ಬಡ ಅಜ್ಜಿಯರ ಹತ್ತಿರ ಐದು ರೂಪಾಯಿ ಕೀಳುವುದೇ ಎಂದು. ನಾನು ತಪ್ಪು ತಿಳಿದಿದ್ದೆ. ಐದು ರೂಪಾಯಿ ಕೊಡಲು ಶುರು ಮಾಡಿದ ಮೂರನೇ ದಿನ ಒಬ್ಬ ಅಜ್ಜಿ ಕ್ಯಾರಿಯರ್ ವಾಪಸ್ ಕಳಿಸಿದರು: "ಸಾರಿಗೆ ಉಪ್ಪು ಜಾಸ್ತಿ." ಎರಡು ವರ್ಷದಲ್ಲಿ ಅಕ್ಕನ ಅಡುಗೆಗೆ ಬಂದ ಮೊದಲ ದೂರು. ಟೀಚರ್ ಅವತ್ತು ನಮಗೆಲ್ಲ ಮೈಸೂರ್ ಪಾಕ್ ಹಂಚಿದರು.

ಮಗ ಬಿಟ್ಟುಹೋದ ತಾಯಿ

ಸುದ್ದಿ ಹಬ್ಬಿತು. ಒಳ್ಳೆಯ ಸುದ್ದಿ ಹಬ್ಬಿದರೂ ತೊಂದರೆಯೇ. 2024ರ ಒಂದು ಬೆಳಿಗ್ಗೆ ಅಕ್ಕನ ಬಾಗಿಲಲ್ಲಿ ಒಂದು ಬಟ್ಟೆ ಚೀಲ, ಒಂದು ಸ್ಟೂಲ್, ಸ್ಟೂಲ್ ಮೇಲೆ ಒಬ್ಬ ಅಜ್ಜಿ. ಮಗ ಕಾರಿನಲ್ಲಿ ಇಳಿಸಿ ಹೋಗಿದ್ದ. "ಇಲ್ಲಿ ಚೆನ್ನಾಗಿ ನೋಡ್ಕೋತಾರಂತೆ, ಆಮೇಲೆ ಬರ್ತೀನಿ" ಎಂದಿದ್ದನಂತೆ.

ಅಕ್ಕನ ಮನಸ್ಸು ತಕ್ಷಣ ಒಳಗೆ ಕರೆದುಕೊಳ್ಳುವ ಕಡೆ. ತಡೆದದ್ದು ಮತ್ತೆ ಟೀಚರ್. ತಿಮೊಥೆಯನಿಗೆ ಬರೆದ ಮೊದಲನೇ ಪತ್ರದ ಐದನೇ ಅಧ್ಯಾಯದಲ್ಲಿ ವಿಧವೆಯರ ವಿಷಯವೇ ಇದೆ. ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಮೊದಲು ಅವರು ನೋಡಿಕೊಳ್ಳಲಿ, ಸಭೆಯ ಮೇಲೆ ಭಾರ ಹಾಕಬಾರದು, ನಿಜವಾಗಿ ದಿಕ್ಕಿಲ್ಲದವರಿಗೆ ಸಭೆ ಸಹಾಯ ಮಾಡಲಿ ಎಂದು. ನೋಂದಾಯಿಸಲು ವಯಸ್ಸೂ ಹಾಕಿದ್ದಾರೆ, ಅರವತ್ತಕ್ಕೆ ಕಡಿಮೆ ಇರಬಾರದು. ಎರಡು ಸಾವಿರ ವರ್ಷದ ಹಿಂದೆಯೂ ಮಕ್ಕಳು ಹೀಗೇ ಇದ್ದಿರಬೇಕು, ಅಲ್ವಾ?

ಅಜ್ಜಿಗೆ ಊಟ, ಹಾಸಿಗೆ ಆ ದಿನವೇ ಆಯಿತು. ಅದರ ಜೊತೆಗೇ ಮಗನಿಗೂ ಫೋನ್ ಹೋಯಿತು. ಎರಡು ವಾರ ಅವನು ಎತ್ತಲಿಲ್ಲ. ಆಮೇಲೆ ಅಜ್ಜಿಯ ಒಪ್ಪಿಗೆ ಕೇಳಿ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಹಾಕಿದೆವು. ಆ ಕಾಯ್ದೆ ಪ್ರಕಾರ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸ್ ಕೊಟ್ಟ 90 ದಿನದಲ್ಲಿ ಮುಗಿಸಬೇಕು. ವಕೀಲರು ಬೇಕೆಂದಿಲ್ಲ. ತಂದೆತಾಯಿಯನ್ನು ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು ಕೂಡ ಇದೆ. ಅಜ್ಜಿ ತಮ್ಮ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಬರೆದಿದ್ದರು. ನೋಡಿಕೊಳ್ಳಬೇಕು ಎಂಬ ಷರತ್ತು ಹಾಕಿ ಬರೆದಿದ್ದರೆ ಅದನ್ನೂ ಕೇಳಬಹುದಿತ್ತು, 23ನೇ ಸೆಕ್ಷನ್ ಅದಕ್ಕೇ ಇದೆ. ಇವರ ಪತ್ರದಲ್ಲಿ ಆ ಒಂದು ಸಾಲು ಇರಲಿಲ್ಲ. ದಾನಪತ್ರ ಬರೆಯಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಸಾಲು ಬರೆಸಿ.

ನೋಟಿಸ್ ತಲುಪಿದ ನಾಲ್ಕನೇ ದಿನ ಮಗ ಬಂದ. ಮೊದಲು ಕೂಗಾಡಿದ. ಆಮೇಲೆ ಕೂತು ಅತ್ತ. ಹೆಂಡತಿಗೆ ಡಯಾಲಿಸಿಸ್ ನಡೆಯುತ್ತಿತ್ತು. ನಮಗೆ ಅದು ಗೊತ್ತೇ ಇರಲಿಲ್ಲ. ಕೇಳುವಷ್ಟು ಹೊತ್ತು ಅವನು ನಿಂತಿರಲಿಲ್ಲ, ಅವನನ್ನು ಹುಡುಕಿಕೊಂಡು ಹೋಗುವಷ್ಟು ತಾಳ್ಮೆ ನಮಗೂ ಇರಲಿಲ್ಲ. ತಿಂಗಳಿಗೆ 4,000 ಕೊಡುವುದು, ಭಾನುವಾರ ಬಂದು ಅಮ್ಮನಿಗೆ ಸ್ನಾನ ಮಾಡಿಸುವುದು ಎಂದು ಒಪ್ಪಂದವಾಯಿತು. ದುಡ್ಡು ಕೆಲವು ತಿಂಗಳು ತಪ್ಪಿದೆ. ಭಾನುವಾರ ಎರಡೇ ಸಲ ತಪ್ಪಿದೆ.

ಗೃಹಲಕ್ಷ್ಮಿಯ ಬಗ್ಗೆಯೂ ಒಂದು ಮಾತು. 2023ರ ಆಗಸ್ಟಿನಲ್ಲಿ ಮನೆಯ ಯಜಮಾನಿಗೆ 2,000 ರೂಪಾಯಿ ಶುರುವಾದಾಗ, ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಅತ್ತೆಯ ಹೆಸರಿದ್ದ ಒಂದು ಮನೆಯವರು ಅಜ್ಜಿಯನ್ನು ಹುಡುಕಿಕೊಂಡು ಬಂದರು. ಅಜ್ಜಿ ಹೋದರು. ಎರಡು ತಿಂಗಳಿಗೆ ವಾಪಸ್ ಬಂದರು. ಕಾರ್ಡನ್ನೂ ತಂದಿದ್ದರು.

ಕಲ್ಪಳ್ಳಿ

ಎಲೆಅಡಿಕೆ ಅಜ್ಜಿ 2024ರ ಮಳೆಗಾಲದಲ್ಲಿ ನಿದ್ದೆಯಲ್ಲೇ ಹೋದರು. ಬೆಳಿಗ್ಗೆ ಕ್ಯಾರಿಯರ್ ತಂದ ಇಸ್ತ್ರಿ ಅಂಗಡಿಯವರು ಮೊದಲು ನೋಡಿದ್ದು. ಮನೆಯಲ್ಲಿ ಸತ್ತರೆ ಡಾಕ್ಟರ ಪತ್ರ ಬೇಕು, ಅದಕ್ಕೇ ಮಧ್ಯಾಹ್ನ ಆಯಿತು.

ಮುಂದೇನು? ಸಭೆಯವರೊಬ್ಬರು, ಅಜ್ಜಿ ಅಷ್ಟು ವರ್ಷ ಸ್ತೋತ್ರ ಹೇಳಿದ್ದಾರಲ್ಲ, ನಮ್ಮ ಕ್ರಮದಲ್ಲೇ ಮಣ್ಣು ಮಾಡೋಣ ಎಂದರು. ಅಕ್ಕ ಒಪ್ಪಲಿಲ್ಲ. "ಆ ಸ್ತೋತ್ರ ಹಂಗಿಗೆ ಹೇಳಿದ್ದು. ನನಗೆ ಗೊತ್ತು." ದೂರು ಕೊಟ್ಟಿದ್ದ ಅಣ್ಣನ ಮಗನಿಗೆ ಫೋನ್ ಮಾಡಿದ್ದೂ ಅಕ್ಕನೇ. ಅವನು ಬರುವುದು ಖಾತ್ರಿ ಇರಲಿಲ್ಲ. ಹೂವಿನಾಕೆ ಮಡಕೆ, ಬಟ್ಟೆ, ಹೂವು ಎಲ್ಲ ಹೊಂದಿಸಿದರು. ಪೂಜೆ ಸಾಮಾನಿಗೆ ಸಭೆಯವರ ಕಾಣಿಕೆ ದುಡ್ಡು ಕೊಡಬಹುದೇ ಎಂದು ಪ್ರಶ್ನೆ ಬಂತು. ಅಕ್ಕ ಕೊಡಲಿಲ್ಲ. ಮುನೇಶ್ವರನ ಭಕ್ತರು ಆಟೋ ದುಡಿಮೆಯಿಂದ ಎಣಿಸಿ ಕೊಟ್ಟರು.

ಕಲ್ಪಳ್ಳಿ ಚಿತಾಗಾರಕ್ಕೆ ತಲುಪಿ ಅರ್ಧ ಗಂಟೆ ಆದಮೇಲೆ ಅಣ್ಣನ ಮಗ ಬಂದ. ತಾನೇ ಮಾಡಬೇಕಾದ್ದನ್ನೆಲ್ಲ ಮಾಡಿದ. ಅಕ್ಕ ಮರದ ಕೆಳಗೆ ದೂರ ನಿಂತಿದ್ದರು. ಅವನು ಅವರ ಹತ್ತಿರ ಬರಲೂ ಇಲ್ಲ, ಮಾತೂ ಆಡಲಿಲ್ಲ. ಆಮೇಲೆ ಯಾವ ದೂರೂ ಬಂದಿಲ್ಲ. ಸಭೆಯಲ್ಲಿ ಮಾತ್ರ ಇದರ ಬಗ್ಗೆ ಎರಡು ತಿಂಗಳು ಗುಸುಗುಸು ನಡೆಯಿತು. ಸಹಾಯ ಮಾಡುತ್ತಿದ್ದ ಇಬ್ಬರು ನಿಲ್ಲಿಸಿದರು.

ದೀಕ್ಷಾಸ್ನಾನ ಕೇಳಿದ ಅಜ್ಜಿ

ಇದರಲ್ಲಿ ನನಗೆ ಈಗಲೂ ಸಮಾಧಾನ ಇಲ್ಲ. ಆರು ಜನರಲ್ಲಿ ಒಬ್ಬರು, ಯಾವಾಗಲೂ ಮಾತು ಕಡಿಮೆ ಇದ್ದವರು, 2024ರಲ್ಲಿ ಅಕ್ಕನಿಗೆ ಹೇಳಿದರು: ನನಗೆ ದೀಕ್ಷಾಸ್ನಾನ ಬೇಕು. ಅವರ ಪಿಂಚಣಿ ಬರುತ್ತಿತ್ತು, ಕೋಣೆ ಇತ್ತು, ಊಟಕ್ಕೆ ಐದು ರೂಪಾಯಿ ಕೊಡುತ್ತಿದ್ದರು. ಹಂಗಿಗೆ ಹೇಳಿದ ಮಾತು ಎನ್ನಲು ಆಗುವುದಿಲ್ಲ.

ಅಕ್ಕ ಹೆದರಿದರು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು ಎಂದು ಆ ಕಾಯ್ದೆಯಲ್ಲಿದೆ. ಹೆಸರು ನೋಟಿಸ್ ಬೋರ್ಡಿಗೆ ಬಂದರೆ ಉಳಿದವರ ಊಟವೂ ನಿಲ್ಲಬಹುದು ಎಂದು ಲೆಕ್ಕ ಹಾಕಿದರು. "ಇನ್ನೂ ಸ್ವಲ್ಪ ದಿನ ನೋಡೋಣಮ್ಮ" ಎಂದು ಮುಂದೂಡಿದರು. ಮೂರು ಸಲ ಮುಂದೂಡಿದರು. ನಾನೂ ಹೂಂ ಎಂದೆ.

ಅಜ್ಜಿಗೆ ತುಂಬಾ ನೋವಾಯಿತು. "ಅವತ್ತು ಬೇಡದವ್ರನ್ನೆಲ್ಲ ಕೂರ್ಸಿ ಪ್ರಾರ್ಥನೆ ಮಾಡ್ದೆ. ಇವತ್ತು ಬೇಕು ಅಂದೋಳ್ನ ಬಾಗ್ಲಲ್ಲಿ ನಿಲ್ಸಿದ್ದೀಯ" ಎಂದರಂತೆ. ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಬ್ಬರ ಮನಸ್ಸಿಗೆ ಬೇಡದ್ದನ್ನು ತುಂಬುವುದು ತಪ್ಪಾದರೆ, ಅವರಿಗೆ ಬೇಕಾದ್ದನ್ನು ನಮ್ಮ ಅನುಕೂಲಕ್ಕೆ ತಡೆಯುವುದೂ ಅದೇ ಜಾತಿಯ ತಪ್ಪು. ಎರಡರಲ್ಲೂ ಅಜ್ಜಿಯ ಮಾತಿಗಿಂತ ನಮ್ಮ ಲೆಕ್ಕ ದೊಡ್ಡದಾಯಿತು. ಇಂಥ ಕೆಲಸಕ್ಕೆ ಇಳಿಯುವವರು, ಅಜ್ಜಿಯರು ಹೀಗೆ ಕೇಳುವ ದಿನ ಬರುತ್ತದೆ ಎಂದು ಮೊದಲೇ ಯೋಚಿಸಿಡಬೇಕು. ಊಟ ಕೊಡುವವರು ಅದರಲ್ಲಿ ಕೈಹಾಕದೆ, ಅಜ್ಜಿಯನ್ನು ಬೇರೆ ಪಾಸ್ಟರ್ ಹತ್ತಿರ, ಮನೆಯವರಿಗೂ ತಿಳಿಸಿ, ಕಾನೂನು ಹೇಳಿದ ದಾರಿಯಲ್ಲಿ ಹೋಗಲು ಬಿಡಬಹುದಿತ್ತು. ಆಗ ನಮಗೆ ಹೊಳೆಯಲಿಲ್ಲ.

ಅಜ್ಜಿ ಕಾಯಲಿಲ್ಲ. ಭಾನುವಾರ ಬಸ್ ಹತ್ತಿ ಬೇರೆ ಕಡೆಯ ಒಂದು ಸಭೆಗೆ ಒಬ್ಬರೇ ಹೋಗಲು ಶುರು ಮಾಡಿದರು. ಮುಂದೆ ಏನಾಯಿತು ಎಂದು ನಾನು ಕೇಳಿಲ್ಲ. ಅಕ್ಕನ ಜೊತೆ ಈಗ ಮಾತಾಡುತ್ತಾರೆ, ಮೊದಲಿನಷ್ಟು ಅಲ್ಲ.

ಈಗ

ಈಗ ಕ್ಯಾರಿಯರ್ ಹೋಗುವುದು ಹನ್ನೊಂದು ಬಾಗಿಲಿಗೆ. ಅಡವಿಟ್ಟ ಒಡವೆ ಬಿಡಿಸಿದ್ದಾಗಿದೆ, ಗಂಡನೇ ಬಿಡಿಸಿದರು. ಅಕ್ಕನಿಗೆ ಮಂಡಿ ನೋವು. ಮುಂದೆ ಯಾರು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಮಗಳು ಅಡುಗೆಗೆ ಕೈ ಜೋಡಿಸುತ್ತಾಳೆ, ಆದರೆ "ನನಗೆ ಯಾವ ಕರೆಯೂ ಬಂದಿಲ್ಲ ಆಂಟಿ, ನಾನು ಬಿಕಾಂ ಮುಗಿಸಬೇಕು" ಎನ್ನುತ್ತಾಳೆ. ಸಹಾಯ ಬೇಕಾದರೆ ಎಂದು ಹಿರಿಯರ ಸಹಾಯವಾಣಿ 1090 ಮತ್ತು 14567 ಎರಡನ್ನೂ ಪ್ರತಿ ಕೋಣೆಯ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೇವೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಉದ್ದ ನೋಟ್‌ಬುಕ್. ಕಲ್ಪಳ್ಳಿಯಿಂದ ಬಂದ ವಾರ ಟೀಚರ್ ಗೆರೆ ಹಾಕಿ ಕೊಟ್ಟದ್ದು. ಪ್ರತಿ ಅಜ್ಜಿಗೆ ಒಂದು ಪುಟ. ಮಾತ್ರೆ, ಪಿಂಚಣಿ, ಯಾರಿಗೆ ಫೋನ್ ಮಾಡಬೇಕು, ಏನು ತಿನ್ನುವುದಿಲ್ಲ. ಕೊನೆಯ ಕಾಲಮ್ಮಿಗೆ ಟೀಚರ್ ಇಟ್ಟ ಹೆಸರು "ಹೋದಮೇಲೆ". ಸುಡಬೇಕಾ, ಹೂಳಬೇಕಾ, ಯಾರು ಬರಬೇಕು, ಯಾರು ಬರಬಾರದು. ಅಜ್ಜಿಯರು ಹೇಳಿದ ಹಾಗೆ ಬರೆದು ಹೆಬ್ಬೆಟ್ಟು ಹಾಕಿಸಿದ್ದೇವೆ. ಒಬ್ಬರು ಸೊಸೆಯ ಹೆಸರು ಹೇಳಿ, ಅವಳು ಬರಬಾರದು ಎಂದರು. ಮಾರನೇ ದಿನ ಬಂದು ಹೊಡೆದುಹಾಕಿಸಿದರು.

ವಿಭೂತಿ ಅಜ್ಜಿಯ ಪುಟದಲ್ಲಿ ಮಾತ್ರ ಆ ಕಾಲಮ್ ಖಾಲಿ. ಹೋದ ತಿಂಗಳು ಅಕ್ಕ ಮತ್ತೆ ಕೇಳಿದರು. ಅಜ್ಜಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕ್ಯಾರಿಯರ್ ಬಿಚ್ಚುತ್ತಾ ಕೂತಿದ್ದರು.

"ಇನ್ನೂ ಯೋಚ್ನೆ ಮಾಡ್ತಾ ಇದೀನಿ. ನಿಂಗ್ಯಾಕೆ ಅಷ್ಟು ಅವಸರ?" ಎಂದರು. "ಇವತ್ತೂ ಹುರುಳಿಕಾಯೇನಾ?"